ಪಿಎಸ್‌ಪಿ ಎಮ್ಯುಲೇಟರ್: ಗ್ರಾಫಿಕ್ಸ್ ಹೊಂದಿಸುವ ಕ್ರಮ

ಮಳೆಗಾಲದ ರಜೆಯಲ್ಲಿ ತೀರ್ಥಹಳ್ಳಿ, ಸಾಗರದ ಕಡೆಯ ಮಕ್ಕಳು ಮನೆಯೊಳಗೇ ಉಳಿದಾಗ ಪಿಎಸ್‌ಪಿ ಎಂಬ ಸೋನಿ ಕಂಪನಿಯ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರದ ಹಳೆಯ ಆಟಗಳನ್ನು ಮೊಬೈಲಿನಲ್ಲಿ ಆಡಲು ಪಿಪಿಎಸ್‌ಎಸ್‌ಪಿಪಿ ಎಂಬ ಎಮ್ಯುಲೇಟರ್, ಅಂದರೆ ಆ ಯಂತ್ರವನ್ನು ಅನುಕರಿಸುವ ಆಪ್, ನೆರವಾಗುತ್ತದೆ. ಆದರೆ ಗ್ರಾಫಿಕ್ಸ್ ಸೆಟ್ಟಿಂಗ್‌ಗಳನ್ನೆಲ್ಲ ಒಮ್ಮೆಲೇ ಗರಿಷ್ಠಕ್ಕೆ ಏರಿಸಿದರೆ, ಆಟ ತಡವರಿಸಿದಾಗ ಅದಕ್ಕೆ ಕಾರಣ ಯಾವುದೆಂದು ತಿಳಿಯುವುದೇ ಇಲ್ಲ. ಆದ್ದರಿಂದ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು.

ಮೊದಲು ಗ್ರಾಫಿಕ್ಸ್ ವಿಭಾಗದಲ್ಲಿ ವೇಗ ಮತ್ತು ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಫ್ರೇಮ್‌ಗಳು, ಅಂದರೆ ಚಿತ್ರಗಳು, ಎಷ್ಟೆಂಬುದು) ತೋರಿಸುವ ಆಯ್ಕೆಗಳನ್ನು ಆನ್ ಮಾಡಿಕೊಳ್ಳಿ. ಇಲ್ಲಿ ಅನೇಕರು ಎಡವುತ್ತಾರೆ. ಪಿಎಸ್‌ಪಿಯ ಎಷ್ಟೋ ಆಟಗಳು ಮೂಲದಲ್ಲೇ ಸೆಕೆಂಡಿಗೆ 30 ಫ್ರೇಮ್‌ಗಳಂತೆ ಓಡುತ್ತಿದ್ದುದರಿಂದ, ಎಫ್‌ಪಿಎಸ್ 30 ಎಂದಿದ್ದು ವೇಗ ಶೇ 100 ಇದ್ದರೆ ಸರಿಪಡಿಸಬೇಕಾದದ್ದು ಏನೂ ಇಲ್ಲ. ಗಮನ ವೇಗದ ಮೇಲಿರಲಿ.

ಬಳಿಕ ಬ್ಯಾಕೆಂಡ್‌ನಲ್ಲಿ, ಅಂದರೆ ಫೋನಿನ ಗ್ರಾಫಿಕ್ಸ್ ಚಿಪ್‌ನಿಂದ ಚಿತ್ರ ಬಿಡಿಸಿಕೊಳ್ಳುವ ವಿಧಾನದ ಆಯ್ಕೆಯಲ್ಲಿ, ವಲ್ಕನ್ ಆರಿಸಿ. ಚಿತ್ರ ಒಡೆದರೆ ಅಥವಾ ಆಪ್ ಮುಚ್ಚಿಕೊಂಡರೆ ಓಪನ್‌ಜಿಎಲ್ ಎಂಬ ಇನ್ನೊಂದು ವಿಧಾನಕ್ಕೆ ಮರಳಬೇಕು. ಕೆಲವು ಹಳೆಯ ಫೋನ್‌ಗಳಿಗೆ ಅದೇ ಹೊಂದುತ್ತದೆ. ಈ ಬದಲಾವಣೆಗೆ ಆಪ್ ಮತ್ತೆ ಶುರುವಾಗಬೇಕಾಗುತ್ತದೆ.

ಹೆಚ್ಚು ಸಮಯ ಕೊಡಬೇಕಾದದ್ದು ರೆಂಡರಿಂಗ್ ರೆಸಲ್ಯೂಷನ್‌ಗೆ, ಅಂದರೆ ಆಟದ ಚಿತ್ರವನ್ನು ಎಷ್ಟು ಪಿಕ್ಸೆಲ್‌ಗಳಲ್ಲಿ ಬಿಡಿಸಬೇಕೆಂಬುದಕ್ಕೆ. 2004ರಲ್ಲಿ ಬಂದ ಪಿಎಸ್‌ಪಿಯ ಪರದೆ 480×272 ಪಿಕ್ಸೆಲ್‌ಗಳದ್ದು. ಎರಡು ಪಟ್ಟು ಎಂದರೆ 960×544, ಅಂದರೆ ಪಿಕ್ಸೆಲ್‌ಗಳ ಲೆಕ್ಕದಲ್ಲಿ ನಾಲ್ಕು ಪಟ್ಟು ಕೆಲಸ. ಮೂರು ಪಟ್ಟಿಗೆ ಏರಿಸಿದರೆ ಒಂಬತ್ತು ಪಟ್ಟು. ಫೋನನ್ನು ಅಡ್ಡ ಹಿಡಿದಾಗ ಪರದೆಯ ಎತ್ತರ 720 ಪಿಕ್ಸೆಲ್ ಇದ್ದರೆ, ಮೂರು ಪಟ್ಟಿನಲ್ಲಿ ಸಿದ್ಧವಾಗುವ 816 ಸಾಲುಗಳೇ ಅದನ್ನು ಮೀರುವುದರಿಂದ ಅದಕ್ಕಿಂತ ಮೇಲೆ ಹೋಗಿ ಪ್ರಯೋಜನ ಬಹಳ ಕಡಿಮೆ, ಫೋನ್ ಬಿಸಿಯಾಗುವುದು ಮಾತ್ರ ಹೆಚ್ಚು. ಹೆಚ್ಚು ಪಾತ್ರಗಳು, ಹೊಗೆ, ಬೆಂಕಿ ಇರುವ ಭಾರದ ದೃಶ್ಯವೊಂದರಲ್ಲಿ ಸೇವ್ ಸ್ಟೇಟ್ ಮಾಡಿಟ್ಟುಕೊಂಡು (ಆಟದ ಆ ಕ್ಷಣವನ್ನು ಹಾಗೆಯೇ ಉಳಿಸಿಟ್ಟುಕೊಂಡು), ಪ್ರತಿ ಬದಲಾವಣೆಯ ನಂತರ ಅಲ್ಲಿಗೇ ಮರಳಿ ವೇಗವನ್ನು ಹೋಲಿಸಿ. ಕಾದ ಫೋನ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದರಿಂದ, ಎರಡು ನಿಮಿಷ ಆಡಿ ತೀರ್ಮಾನಿಸದೆ ಅರ್ಧ ಗಂಟೆಯಾದರೂ ಆಡಿ ನೋಡುವುದು ಒಳ್ಳೆಯದು.

ಅನೈಸೊಟ್ರೊಪಿಕ್ ಫಿಲ್ಟರಿಂಗ್‌ನಿಂದ ಓಟದ ಆಟಗಳಲ್ಲಿ ದೂರಕ್ಕೆ ಚಾಚಿದ ರಸ್ತೆ ಮಸುಕಾಗದೆ ಕಾಣುತ್ತದೆ, ಹೊರೆಯೂ ಸಾಮಾನ್ಯವಾಗಿ ಅಲ್ಪ. ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರಗಳನ್ನು ಹಿಗ್ಗಿಸಿ ನಯಗೊಳಿಸುವ ಟೆಕ್ಸ್‌ಚರ್ ಅಪ್‌ಸ್ಕೇಲಿಂಗ್ ಹಾಗಲ್ಲ, ಹೊರೆ ಹೆಚ್ಚು. ಸಾಧಾರಣ ಫೋನ್‌ಗಳಲ್ಲಿ ಅದನ್ನು ಆಫ್ ಇಡುವುದೇ ಲೇಸು.

ಇಷ್ಟಾದರೂ ವೇಗ ಶೇ 100ಕ್ಕೆ ತಲುಪದಿದ್ದರೆ, ಮೊದಲು ರೆಸಲ್ಯೂಷನ್ ಒಂದು ಹಂತ ಇಳಿಸಿ, ಅನಂತರ ಕೆಲವು ಫ್ರೇಮ್‌ಗಳನ್ನು ಬಿಡಿಸದೆ ಹಾರಿಸುವ ಫ್ರೇಮ್ ಸ್ಕಿಪ್ಪಿಂಗ್ ಅನ್ನು 1ಕ್ಕೆ ಇಡಿ. ಬಫರ್ ಎಫೆಕ್ಟ್‌ಗಳನ್ನು (ಮೊದಲು ಮೆಮೊರಿಯಲ್ಲಿ ಬಿಡಿಸಿ ಬಳಿಕ ಪರದೆಗೆ ಸೇರಿಸುವ ಪರಿಣಾಮಗಳನ್ನು) ಬಿಟ್ಟುಬಿಡುವ ಆಯ್ಕೆ ವೇಗವನ್ನೇನೋ ಹೆಚ್ಚಿಸುತ್ತದೆ, ಆದರೆ ಕೆಲವು ಆಟಗಳಲ್ಲಿ ದೃಶ್ಯದ ಭಾಗವೇ ಮಾಯವಾಗುವುದರಿಂದ ಅದನ್ನು ಕೊನೆಗೆ ಉಳಿಸಿಕೊಳ್ಳಬೇಕು.

ಒಂದು ಆಟಕ್ಕೆ ಒಪ್ಪಿದ್ದು ಇನ್ನೊಂದಕ್ಕೆ ಒಪ್ಪದು. ಆಟದ ಚಿತ್ರವನ್ನು ಒತ್ತಿ ಹಿಡಿದಾಗ ಬರುವ ಪುಟದಲ್ಲಿ, ಆ ಆಟಕ್ಕಷ್ಟೇ ಪ್ರತ್ಯೇಕ ಸೆಟ್ಟಿಂಗ್ ರಚಿಸುವ ಸೌಲಭ್ಯವಿದೆ. ಗಾಳಿಮಳೆಗೆ ಮರ ಬಿದ್ದು ದಿನವಿಡೀ ಕರೆಂಟ್ ಇಲ್ಲದ ಊರುಗಳಲ್ಲಿ, ಮನೆಗೆಲ್ಲ ಇರುವ ಒಂದೇ ಫೋನಿನ ಚಾರ್ಜ್ ಉಳಿಯಬೇಕಾದಾಗ, ರೆಸಲ್ಯೂಷನ್ ಅನ್ನು ಮೂಲದ ಒಂದು ಪಟ್ಟಿಗೇ ಇಳಿಸಿ, ಪರದೆಯ ಬೆಳಕನ್ನೂ ತಗ್ಗಿಸಿ ಆಡಿ.