ಟೊಕಮಾಕ್ ಪ್ಲಾಸ್ಮಾದಲ್ಲಿ ಕಲ್ಮಶದ ಜಾಡು ಹಿಡಿಯುವುದು ಹೇಗೆ?

ಪರಮಾಣು ಸಮ್ಮಿಲನಕ್ಕಾಗಿ ಪ್ಲಾಸ್ಮಾವನ್ನು, ಅಂದರೆ ಎಲೆಕ್ಟ್ರಾನ್ ಕಳಚಿದ ಅತಿಬಿಸಿ ಅನಿಲವನ್ನು, ಕಾಂತಕ್ಷೇತ್ರದಿಂದ ಹಿಡಿದಿಡುವ ಬಳೆಯಾಕಾರದ ಯಂತ್ರವೇ ಟೊಕಮಾಕ್. ಅದರ ಒಳಗೋಡೆಯಿಂದ ಕಿತ್ತುಬಂದ ಟಂಗ್‌ಸ್ಟನ್ ಪ್ಲಾಸ್ಮಾದ ನಡುವಿಗೆ ಸೇರಿಕೊಂಡರೆ, ಅಲ್ಲಿನ ಶಾಖವೆಲ್ಲ ವಿಕಿರಣವಾಗಿ ಹೊರಚೆಲ್ಲಿಹೋಗುತ್ತದೆ. ಹತ್ತು ಸಾವಿರಕ್ಕೆ ಒಂದು ಪರಮಾಣು ಬೆರೆತರೂ ಸಮ್ಮಿಲನ ಕ್ರಿಯೆ ತನ್ನ ಕಾವಿನಲ್ಲೇ ಮುಂದುವರಿಯುವುದು ಕಷ್ಟ. ಹಾಗಾಗಿ ಕಲ್ಮಶದ ಓಡಾಟವನ್ನು ಅಳೆಯಲೇಬೇಕು. ಅದಕ್ಕೆ ಎರಡು ಸಂಖ್ಯೆಗಳು ಬೇಕು: ದಟ್ಟವಾಗಿರುವಲ್ಲಿಂದ ತೆಳುವಾಗಿರುವಲ್ಲಿಗೆ ಹರಡಿಸುವ ವಿಸರಣ ಗುಣಾಂಕ ‘ಡಿ’, ಒಳಕ್ಕೋ ಹೊರಕ್ಕೋ ಎಳೆದೊಯ್ಯುವ ವೇಗ ‘ವಿ’.

ಸ್ಥಿರವಾಗಿ ನಿಂತ ಪ್ಲಾಸ್ಮಾ ಇವೆರಡನ್ನೂ ಬಿಡಿಸಿ ಹೇಳುವುದಿಲ್ಲ. ಸೋರುವ ಬಾನಿಯಲ್ಲಿ ನೀರಿನ ಮಟ್ಟ ಕದಲದಿದ್ದರೆ ಎಷ್ಟು ಬರುತ್ತಿದೆ, ಎಷ್ಟು ಹೋಗುತ್ತಿದೆ ಎಂದು ಹೇಗೆ ಹೇಳುವುದು? ಸಾಂದ್ರತೆಯ ಇಳಿಜಾರಿನಿಂದ ಸಿಗುವುದು ವಿ ಮತ್ತು ಡಿಗಳ ಅನುಪಾತ ಮಾತ್ರ. ಎರಡನ್ನೂ ಹತ್ತುಪಟ್ಟು ಹೆಚ್ಚಿಸಿದರೂ ಚಿತ್ರ ಬದಲಾಗದು. ಆದ್ದರಿಂದ ಚಿಟಿಕೆಯಷ್ಟು ಕಲ್ಮಶವನ್ನು ಥಟ್ಟನೆ ಒಳಗೆಸೆದು ಅದು ಏರಿ ಇಳಿಯುವುದನ್ನು ನೋಡಬೇಕು.

ಅಮೆರಿಕದ ಎಂಐಟಿಯಲ್ಲಿ 1993ರಿಂದ 2016ರವರೆಗೆ ನಡೆದ ಆಲ್ಕೇಟರ್ ಸಿ-ಮಾಡ್ ಎಂಬ ಟೊಕಮಾಕ್‌ನ ವಿಧಾನ ಇದಕ್ಕೆ ಒಳ್ಳೆಯ ಮಾದರಿ. ಗಾಜಿನ ಫಲಕದ ಮೇಲೆ ಸುಮಾರು 2 ಮೈಕ್ರಾನ್ ದಪ್ಪದ ಕ್ಯಾಲ್ಸಿಯಂ ಫ್ಲೋರೈಡ್ ಲೇಪಿಸಿ, ಲೇಪನದ ಮುಖವನ್ನು ಪ್ಲಾಸ್ಮಾದ ಕಡೆಗಿಡಿ. 1064 ನ್ಯಾನೊಮೀಟರ್‌ನ ಲೇಸರ್ ಮಿಡಿತವನ್ನು ಗಾಜಿನ ಬೆನ್ನಿನಿಂದ ಹೊಡೆದರೆ ಲೇಪನ ಆವಿಯಾಗಿ ಮುಂದಕ್ಕೆ ಚಿಮ್ಮುತ್ತದೆ. ಆರ್ಗಾನ್ ಸುಲಭವಾಗಿ ಸಿಗುತ್ತದೆಂದು ಅದನ್ನೇ ಬಳಸುವ ಆಸೆ ಬೇಡ. ಅದು ಗೋಡೆಗೆ ಬಡಿದು ಮತ್ತೆ ಮತ್ತೆ ಹಿಂದಿರುಗುವುದರಿಂದ ಇಳಿಕೆಯ ಗೆರೆ ಕೆಡುತ್ತದೆ. ಕ್ಯಾಲ್ಸಿಯಂ ಗೋಡೆಗೆ ಅಂಟಿ ಅಲ್ಲೇ ಉಳಿಯುತ್ತದೆ, ಆ ಯಂತ್ರದ ಪ್ಲಾಸ್ಮಾದಲ್ಲಿ ಮೊದಲಿನಿಂದ ಇರುವಂಥದ್ದೂ ಅಲ್ಲ.

ಪ್ರಮಾಣ ಮಿತಿ ಮೀರಬಾರದು. ಎಲೆಕ್ಟ್ರಾನ್ ತಾಪಮಾನ ಕುಸಿದರೆ, ನೀವು ಅಳೆಯುವುದು ನೀವೇ ಕೆಡಿಸಿದ ಪ್ಲಾಸ್ಮಾವನ್ನು. ಫಲಕದ ಮೇಲೆ ಬೀಳುವ ಲೇಸರ್ ಚುಕ್ಕೆ ದೊಡ್ಡದಾಗಿದ್ದರೆ ಅದನ್ನು ಚಿಕ್ಕದು ಮಾಡಿ. ಲೇಪನ ಆವಿಯಾಗದೆ ಹನಿಹನಿಯಾಗಿ ಕಿತ್ತುಬಂದರೆ ಕಲ್ಮಶ ತಡವಾಗಿ ತಲುಪುತ್ತದೆ. ಆ ತಡವನ್ನು ಲೆಕ್ಕಾಚಾರ ನಿಧಾನದ ಸಾಗಣೆ ಎಂದೇ ತಿಳಿಯುತ್ತದೆ. ಇದನ್ನು ಪತ್ತೆಹಚ್ಚಲು ಅಂಚಿನಲ್ಲಿ ತಟಸ್ಥ ಕ್ಯಾಲ್ಸಿಯಂನ 422.7 ನ್ಯಾನೊಮೀಟರ್ ರೇಖೆಯನ್ನು ಪ್ರತ್ಯೇಕವಾಗಿ ದಾಖಲಿಸಿ, ಅದನ್ನೇ ಮೂಲದ ಕಾಲರೇಖೆಯಾಗಿ ಬಳಸಿ.

ಕ್ಯಾಲ್ಸಿಯಂ ಎಲ್-ಮೋಡ್‌ನಲ್ಲಿ (ಪ್ಲಾಸ್ಮಾದ ಹಿಡಿತ ಸಡಿಲವಾಗಿರುವ ಸ್ಥಿತಿ) ಸುಮಾರು 20 ಮಿಲಿಸೆಕೆಂಡ್ ಉಳಿಯುತ್ತದೆ. ಸೆಕೆಂಡಿಗೆ 10 ಬಾರಿ ಮಿಡಿಯುವ ಲೇಸರ್ ಆದರೆ ಎರಡು ಹೊಡೆತಗಳ ನಡುವೆ 100 ಮಿಲಿಸೆಕೆಂಡ್ ಸಿಗುತ್ತದೆ; ಅಷ್ಟರಲ್ಲಿ ಶೇ. 1ಕ್ಕಿಂತ ಕಡಿಮೆ ಉಳಿದಿರುತ್ತದೆ. ಎಚ್-ಮೋಡ್‌ನಲ್ಲಿ (ಹಿಡಿತ ಬಿಗಿಯಾಗಿರುವ ಸ್ಥಿತಿ) ಅದು ಹೆಚ್ಚು ಹೊತ್ತು ಉಳಿಯುವುದರಿಂದ ಅಂತರವೂ ಹೆಚ್ಚಬೇಕು. ಕಲ್ಮಶದ ಬೆಳಕನ್ನು ಹಿಡಿಯುವ ಪತ್ತೆಕಾರಕಗಳು ಒಂದೆರಡು ಮಿಲಿಸೆಕೆಂಡಿನ ವೇಗದವಾಗಿರಲಿ. ಮುಖ್ಯ ಮಾಹಿತಿ ಇರುವುದು ಏರಿಕೆಯಲ್ಲಿ: ಏರಿಕೆಯ ಚುರುಕು ಡಿಯನ್ನು ಹೇಳುತ್ತದೆ, ನಂತರ ನಿಲ್ಲುವ ಆಕಾರ ಅನುಪಾತವನ್ನು ಕೊಡುತ್ತದೆ. ಇಳಿಕೆಯನ್ನಷ್ಟೇ ಹಿಡಿದರೆ ಒಟ್ಟು ತಂಗುವ ಕಾಲ ಸಿಗುತ್ತದೆ, ಅಷ್ಟೇ.

ಸಂಕೇತಗಳನ್ನು ಕಲ್ಮಶದ ಸಾಗಣೆಯನ್ನು ಲೆಕ್ಕಹಾಕುವ ಸ್ಟ್ರಾಲ್ ಅಥವಾ ಅರೋರಾ ಕೋಡ್‌ಗೆ ಕೊಟ್ಟು, ಅಯಾನೀಕರಣದ ದತ್ತಾಂಶದೊಂದಿಗೆ ಡಿ ಮತ್ತು ವಿ ಹೊಂದಿಸಿ. ಗರಗಸದ ಹಲ್ಲಿನಂತೆ ನಡುವಿನ ತಾಪಮಾನ ಕುಸಿಯುವ ಪ್ಲಾಸ್ಮಾದಲ್ಲಿ ಪ್ರತಿ ಕುಸಿತವೂ ಕಲ್ಮಶವನ್ನು ಕಲಸಿಹಾಕುತ್ತದೆ. ಅದನ್ನು ಮಾದರಿಯಲ್ಲಿ ಸೇರಿಸದಿದ್ದರೆ ನಡುವಿನ ಡಿ ಸುಳ್ಳಾಗಿ ಉಬ್ಬುತ್ತದೆ. ಡಿ, ವಿಗಳ ವಕ್ರರೇಖೆಯನ್ನು ಬಾಗಿಸುವ ಬಿಂದುಗಳನ್ನು, ಅಂದರೆ ಗಂಟುಗಳನ್ನು, ಹೆಚ್ಚಿಸುತ್ತ ಹೋದರೆ ಗದ್ದಲಕ್ಕೂ ಒಂದು ಸಾಗಣೆ ಹುಟ್ಟಿಕೊಳ್ಳುತ್ತದೆ. ಬೇರೆಬೇರೆ ಆರಂಭಿಕ ಊಹೆಗಳಿಂದ ಶುರುಮಾಡಿ, ಉತ್ತರ ಒಂದೇ ಆಗಿ ಬಂದರೆ ಮಾತ್ರ ನಂಬಿ.

ಡಿ ಸೆಕೆಂಡಿಗೆ 1 ಚದರ ಮೀಟರ್‌ನ ಆಸುಪಾಸಿನಲ್ಲಿದ್ದರೆ ಅದು ಪ್ರಕ್ಷುಬ್ಧತೆಯ ಕೆಲಸ. ಬರೀ ಕಣಗಳ ಡಿಕ್ಕಿಯಿಂದ ಅಷ್ಟು ಬರದು. ಹೋಲಿಕೆಗೆ, ಪ್ರಕ್ಷುಬ್ಧತೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಜೈರೋ ಅಥವಾ ಜೀನ್ ಕೋಡ್‌ನಲ್ಲಿ ಒಂದೇ ಆವೇಶ, ಒಂದೇ ರಾಶಿ, ಒಂದೇ ತಾಪಮಾನದ ಎರಡು ಅತ್ಯಲ್ಪ ಕಲ್ಮಶಗಳನ್ನು ಬೇರೆಬೇರೆ ಸಾಂದ್ರತೆಯ ಇಳಿಜಾರಿನೊಂದಿಗೆ ಸೇರಿಸಿ. ಹರಿವನ್ನು ಸಾಂದ್ರತೆಯಿಂದ ಭಾಗಿಸಿ ಇಳಿಜಾರಿನೆದುರು ಗುರುತಿಸಿದರೆ ಸರಳರೇಖೆ ಸಿಗುತ್ತದೆ: ಅದರ ಓರೆಯಿಂದ ಡಿ, ಇಳಿಜಾರು ಸೊನ್ನೆಯಾದಲ್ಲಿ ವಿ. ಅಯಾನು ತಾಪಮಾನದ ಇಳಿಜಾರನ್ನು ಅಳತೆಯ ದೋಷಮಿತಿಯೊಳಗೇ ಹೆಚ್ಚುಕಡಿಮೆ ಮಾಡಿ ಮತ್ತೆ ಓಡಿಸಿ. ಅಷ್ಟು ಸಣ್ಣ ಬದಲಾವಣೆಗೇ ಹರಿವು ಹಲವು ಪಟ್ಟು ಜಿಗಿಯಬಹುದು. ಕೋಡ್‌ನ ಫಲಿತಾಂಶಗಳಲ್ಲಿ ಪ್ರಯೋಗದ ಅಳತೆಯೊಂದಿಗೆ ಮೊದಲು ಹೊಂದಬೇಕಾದದ್ದು ಶಾಖದ ಹರಿವು, ಕಲ್ಮಶದ್ದು ಆಮೇಲೆ.