ಎರೆ ಹೊಲದ ಗುಂಡಿಗೆ ಕೊನೆಗೂ ಸರಿಯಾದ ಹೆಸರು ಸಿಕ್ಕಿತು

ನವಲಗುಂದದ ಕಡೆಯ ಒಂದು ಹೊಲ. ಅದರ ಮಣ್ಣು ವರ್ಟಿಸಾಲ್, ಅಂದರೆ ನೆನೆದರೆ ಹಿಗ್ಗಿ ಒಣಗಿದರೆ ಆಳವಾಗಿ ಬಿರಿಯುವ ಜೇಡಿ ಮಣ್ಣು, ಹೌದೋ ಅಲ್ವೋ ಅಂತ ಎರಡು ವರ್ಷ ವಾದ ನಡೆದಿತ್ತು. ಊರಿನವರಿಗೆ ಅದು ಎರೆ, ಮುಗೀತು. ನಾನು ಮೊದಲ ಸಲ ವರ್ಟಿಕ್ ಹ್ಯಾಪ್ಲುಸ್ಟೆಪ್ಟ್ ಅಂತ ಬರೆದಿದ್ದೆ, ಅಂದರೆ ಇನ್ನೂ ಪೂರ್ತಿ ಬೆಳೆಯದ ಇನ್ಸೆಪ್ಟಿಸಾಲ್ ಗುಂಪಿನ ಮಣ್ಣು. ಆಮೇಲೆ ಅದು ತಪ್ಪು, ಇದು ವರ್ಟಿಸಾಲೇ ಅನಿಸಿತು. ಜೊತೆಯವರು ಒಪ್ಪಲಿಲ್ಲ. "ಸರ್, ಸ್ಲಿಕನ್‌ಸೈಡ್ ಎಲ್ಲಿದೆ, ತೋರಿಸಿ" ಅಂದರು. ಹಿಗ್ಗಿ ಕುಗ್ಗುವಾಗ ಮಣ್ಣಿಗೆ ಮಣ್ಣು ತಿಕ್ಕಿ ಬರುವ ಹೊಳೆಯುವ ಮೈಗೆ ಆ ಹೆಸರು.

ಮಣ್ಣಿನ ಪದರ ನೋಡೋಕೆ ಮೊದಲ ಗುಂಡಿ ತೋಡಿಸಿದ್ದು ಅಕ್ಟೋಬರ್‌ನಲ್ಲಿ. ಜೆಸಿಬಿಗೆ ಗಂಟೆಗೆ ಸಾವಿರದ ಮೇಲೆ, ಬಂದು ಹೋಗುವ ಖರ್ಚು ಬೇರೆ, ಎಲ್ಲ ಸೇರಿ ಮೂರು ಸಾವಿರ ಹೋಯಿತು. ಮಣ್ಣು ಹಸಿ ಇತ್ತು. ಬಕೆಟ್ ಉಜ್ಜಿ ಗೋಡೆಯೆಲ್ಲ ಫಳಫಳ. ಆ ಹೊಳಪು ಬಕೆಟ್‌ನದೋ, ಮಣ್ಣಿಗೆ ಮಣ್ಣು ತಿಕ್ಕಿ ಬಂದದ್ದೋ ಹೇಳೋಕೇ ಆಗಲಿಲ್ಲ. ಬಿರುಕುಗಳೂ ಮುಚ್ಚಿಹೋಗಿದ್ದವು. ಅದರ ಜೊತೆಗೆ, ನೀರಲ್ಲಿ ಕಲಸಿದ ಮಣ್ಣಿನ ಜೇಡಿ ಅಳೆಯುವ ಹೈಡ್ರೋಮೀಟರ್‌ನಲ್ಲಿ ಜೇಡಿ 27 ಪರ್ಸೆಂಟ್ ಹತ್ತಿರ ಬಂತು. 18ರಿಂದ 50 ಸೆಂ.ಮೀ. ನಡುವೆ 30 ಪರ್ಸೆಂಟ್ ಇಲ್ಲದಿದ್ದರೆ ವರ್ಟಿಸಾಲ್ ಮಾತೇ ಇಲ್ಲವಲ್ಲ!

ಎರಡನೇ ಸಲ ಏಪ್ರಿಲ್‌ನಲ್ಲಿ ಹೋದೆ. ಇಬ್ಬರು ಆಳು, ಒಂದೂವರೆ ದಿನ, ಕೈಯಲ್ಲೇ ತೋಡಿಸಿದೆ, ಎರಡು ಸಾವಿರದೊಳಗೆ ಮುಗಿಯಿತು. ಬಿರುಕಿಗೆ ತಂತಿ ಇಳಿಸಿದರೆ 70 ಸೆಂ.ಮೀ. ಹೋಯಿತು. ಗೋಡೆಯನ್ನು ಸಲಿಕೆಯಿಂದ ಸವರದೆ ಚಾಕು ತೂರಿಸಿ ಹೆಂಟೆ ಹೆಂಟೆಯಾಗಿ ಕಿತ್ತೆ. 55 ಸೆಂ.ಮೀ. ಕೆಳಗಿನಿಂದ ಓರೆಯಾದ, ಗೀರು ಬಿದ್ದ ಹೊಳೆಯುವ ಮೈ ಶುರು, ಒಂದು ಮೀಟರ್ ದಾಟಿದರೂ ಸಿಗುತ್ತಲೇ ಇತ್ತು. ವರ್ಟಿಸಾಲ್ ಅನ್ನೋಕೆ ಅಂಥ ಪದರ 25 ಸೆಂ.ಮೀ. ದಪ್ಪ ಇದ್ದರೆ ಸಾಕಿತ್ತು!

ಜೇಡಿ ಕಡಿಮೆ ಬಂದದ್ದಕ್ಕೆ ಕಾರಣ, ಮಣ್ಣಿನ ಕಣ ಬಿಡಿಸೋಕೆ ಹಾಕಿದ್ದ ಹಳೆಯ ಹೆಕ್ಸಾಮೆಟಾಫಾಸ್ಫೇಟ್ ದ್ರಾವಣ. ಮಣ್ಣು ಪೂರ್ತಿ ಬಿಡಿಸಿಕೊಂಡಿರಲಿಲ್ಲ. ಹೊಸದಾಗಿ ಕಲಸಿ ರಾತ್ರಿಯಿಡೀ ನೆನೆಸಿದೆ, ಜೇಡಿ 52 ಪರ್ಸೆಂಟ್ ದಾಟಿತು. 

ನಡುವೆ ಇನ್ನೊಂದು ಪ್ರಯೋಗ. ಮಣ್ಣನ್ನು ಮುದ್ದೆ ಮಾಡಿ, ತುದಿ ಕತ್ತರಿಸಿದ ಸಿರಿಂಜ್‌ನಿಂದ ಕಡ್ಡಿ ಒತ್ತಿ ಒಣಗಿಸಿದೆ. 10 ಸೆಂ.ಮೀ. ಕಡ್ಡಿ 9ಕ್ಕೆ ಇಳಿಯಿತು, ಅಂದರೆ ಕೋಲ್ (ಒಣಗಿದ ಉದ್ದಕ್ಕೆ ಹೋಲಿಸಿ ಮಣ್ಣು ಎಷ್ಟು ಕುಗ್ಗಿತು ಎಂಬ ಅಳತೆ) 0.11ರ ಆಸುಪಾಸು. 0.06 ದಾಟಿದರೇ ಹಿಗ್ಗುವ ಮಣ್ಣು. ಖರ್ಚು ಹತ್ತು ರೂಪಾಯಿ! ರಸ್ತೆ ಕೆಲಸದ ಗೆಳೆಯರೊಬ್ಬರಿಗೆ ಅದೇ ಮಣ್ಣು ಕೊಟ್ಟೆ. ಲಿಕ್ವಿಡ್ ಲಿಮಿಟ್, ಅಂದರೆ ಮಣ್ಣು ಹರಿಯುವಂತಾಗಲು ಬೇಕಾದ ನೀರಿನ ಪ್ರಮಾಣ, 50ರ ಮೇಲೆ ಚೆನ್ನಾಗಿಯೇ ಹೋಯಿತು, ಮಣ್ಣು ವಿಂಗಡಿಸುವ ಭಾರತೀಯ ಮಾನದಂಡ ಐಎಸ್ 1498 ಪ್ರಕಾರ ಸಿಎಚ್, ಅಂದರೆ ಹೆಚ್ಚು ಜಿಗುಟಿನ ಜೇಡಿ.

ಈಗ ವರದಿಯಲ್ಲಿ ಅಮೆರಿಕದ ವರ್ಗೀಕರಣವಾದ ಸಾಯಿಲ್ ಟ್ಯಾಕ್ಸಾನಮಿಯಂತೆ ಟಿಪಿಕ್ ಹ್ಯಾಪ್ಲುಸ್ಟರ್ಟ್, ಅಂತರರಾಷ್ಟ್ರೀಯ ವರ್ಗೀಕರಣವಾದ ಡಬ್ಲ್ಯೂಆರ್‌ಬಿಯಂತೆ ಪೆಲ್ಲಿಕ್ ವರ್ಟಿಸಾಲ್, ಎರಡರಲ್ಲೂ ವರ್ಟಿಸಾಲೇ. ಪಕ್ಕದಲ್ಲಿ ಎರೆ ಅಂತಲೂ ಬರೆದಿದ್ದೇನೆ. ಸ್ಲಿಕನ್‌ಸೈಡ್ ಎಲ್ಲಿದೆ ಅಂದವರೇ ಈ ಬೇಸಿಗೆಗೆ ತಮ್ಮ ಗುಂಡಿ ನೋಡೋಕೆ ಕರೆದಿದ್ದಾರೆ. ಜೆಸಿಬಿ ಬೇಡ ಅಂತ ಮೊದಲೇ ಹೇಳಿದ್ದೇನೆ.