ಹಾಪ್ಸ್ ಚರಟ ಬಾಟಲಿಗೆ ಇಳೀದೇ ಇರೋಕೆ ನಾನು ಮಾಡೋದು ಹೀಗೆ

ಮನೇಲಿ ಮಾಡಿದ ಬಿಯರ್ ಬಾಟಲಿಯ ಮುಚ್ಚಳ ತೆಗೆದು ಎರಡು ಸೆಕೆಂಡ್ ಏನೂ ಆಗ್ಲಿಲ್ಲ, ಆಮೇಲೆ ತಳದಲ್ಲಿ ಕೂತಿದ್ದ ಹಾಪ್ಸ್‌ನ (ಬಿಯರ್‌ಗೆ ಕಹಿ, ಘಮ ಕೊಡೋ ಹೂವು) ಹಸಿರು ಪುಡಿ ಗುಳ್ಳೆ ಹಿಡ್ಕೊಂಡು ಮೇಲೆ ಏಳೋಕೆ ಶುರುವಾಯ್ತು, ನೋಡ್ತಾ ಇದ್ದ ಹಾಗೇ ಬಾಟಲಿ ಪೂರ್ತಿ ಕದಡಿ, ನೊರೆ ಉಕ್ಕಿ ಸಿಂಕ್ ತನಕ ಹರೀತು. ಹಾಲು ಉಕ್ಕಿದ್ರೆ ಒಲೆ ಆರಿಸಬಹುದು, ಇದಕ್ಕೆ ಏನೂ ಮಾಡೋಕಾಗಲ್ಲ. 355 ಎಂಎಲ್ ಬಾಟಲೀಲಿ ಉಳಿದಿದ್ದು ಅರ್ಧ ಲೋಟ, ಅದೂ ಹುಲ್ಲು ಅರೆದ ಹಾಗೆ ಒಗರು. ಅದು ನನ್ನ ಮೂರನೇ ಐಪಿಎ (ಹಾಪ್ಸ್ ಜಾಸ್ತಿ ಹಾಕೋ ಬಿಯರ್) ಬ್ಯಾಚು, ಸುಮಾರು 48 ಬಾಟಲಿ, ಹೆಚ್ಚುಕಮ್ಮಿ ಎಲ್ಲಾ ಹಾಗೇ. ತುಂಬಾ ಬೇಜಾರಾಯ್ತು.

ನಾನಿರೋದು ಅಮೆರಿಕದ ಒರೆಗಾನ್‌ನ ಬೀವರ್ಟನ್‌ನಲ್ಲಿ. ಇಲ್ಲಿಂದ ದಕ್ಷಿಣಕ್ಕೆ ಹೋದ್ರೆ ವಿಲಾಮೆಟ್ ಕಣಿವೇಲಿ ಹಾಪ್ಸ್ ತೋಟಗಳು, ಕ್ಯಾಸ್ಕೇಡ್ ತಳಿ 1972ರಲ್ಲಿ ಹೊರಗೆ ಬಂದಿದ್ದೂ ಇದೇ ಕಡೆ ಕಾರ್ವಾಲಿಸ್‌ನಿಂದ, ಹಾಗಾಗಿ ಮನೇಲಿ ಬಿಯರ್ ಮಾಡೋರು ಹಾಪ್ಸ್ ಹಾಕೋಕೆ ಕೈ ಬಿಗಿ ಹಿಡಿಯಲ್ಲ. (ಊರಿನ ಗೆಳೆಯರು ನಾವೂ ಮಾಡಬಹುದಾ ಅಂತ ಕೇಳ್ತಾರೆ, ಕರ್ನಾಟಕದಲ್ಲಿ ಲೈಸೆನ್ಸ್ ಇಲ್ದೆ ಮಾಡೋ ಹಾಗಿಲ್ಲ, ಇಲ್ಲಿ 1978ರ ಕಾನೂನು ಬಂದಮೇಲೆ ಮನೆ ಬಳಕೆಗೆ ಅಡ್ಡಿ ಇಲ್ಲ.) ನಾನು 19 ಲೀಟರ್‌ಗೆ 85 ಗ್ರಾಂ ಪೆಲೆಟ್ ಹಾಪ್ಸ್ ಡ್ರೈ ಹಾಪ್ ಮಾಡ್ತೀನಿ, ಅಂದ್ರೆ ಕುದಿಸದೇ ಯೀಸ್ಟ್‌ನಿಂದ ಹುದುಗು ಬಂದ ಬಿಯರ್‌ಗೆ ನೇರವಾಗಿ ಹಾಕೋದು. ಪೆಲೆಟ್ ನೋಡೋಕೆ ಮೊಲದ ಮೇವಿನ ಥರ ಗಟ್ಟಿ, ಆದ್ರೆ ಬಿಯರ್‌ಗೆ ಬಿದ್ದ ಕೂಡ್ಲೆ ಒಡೆದು ಮೆಹಂದಿ ಪುಡಿ ಕಲಸಿದ ಹಾಗೆ ಆಗುತ್ತೆ. ಇದೇ ಬಾಟಲಿಂಗ್ ದಿನ ಕಾಡೋದು.

ಮೊದಲು ನಾನು ಮಾಡಿದ್ದು ನಮ್ಮ ಮನೆಗಳಲ್ಲಿ ಎಲ್ಲಾರೂ ಮಾಡೋದೇ, ಟೀ ಸೋಸೋ ಹಾಗೆ ಜರಡಿ ಇಟ್ಟು ಸೋಸಿದೆ. ಕಸ ನಿಂತ್ಕೊಳ್ತು, ಬಿಯರ್ ಕೆಡ್ತು. ಜರಡಿಯಿಂದ ಜಲಪಾತದ ಥರ ಬೀಳುವಾಗ ಗಾಳಿ ಸೇರ್ಕೊಳ್ಳುತ್ತೆ, ಮೂರು ವಾರಕ್ಕೆ ಹೊಂಬಣ್ಣ ಹೋಗಿ ಕಂದು ತಿರುಗಿ, ನೆನೆದ ರಟ್ಟಿನ ವಾಸನೆ ಬಂತು, ಹಾಪ್ಸ್ ಘಮ ಒಂಚೂರೂ ಇಲ್ಲ. ದಯವಿಟ್ಟು ಹುದುಗು ಬಂದ ಬಿಯರನ್ನ ಯಾರೂ ಸೋಸಬೇಡಿ. ಇದು ಸೋಸೋ ಕೆಲಸ ಅಲ್ಲ, ತಿಳಿ ಬಗ್ಗಿಸೋ ಕೆಲಸ. ಬೇಳೆ ಕಟ್ಟು ಅಲ್ಲಾಡಿಸದೇ ಬಿಟ್ರೆ ಹೆಂಗೆ ಮೇಲೆ ತಿಳಿ ನಿಲ್ಲುತ್ತೋ ಹಂಗೆ.

ಈಗ ಡ್ರೈ ಹಾಪ್ ಹಾಕಿ ನಾಲ್ಕು ದಿನ ಆದಮೇಲೆ, ಬಾಟಲಿಂಗ್‌ಗೆ ಎರಡು ದಿನ ಮುಂಚೆ, ಫರ್ಮೆಂಟರನ್ನ (ಬಿಯರ್ ಹುದುಗೋ ಪಾತ್ರೆ) ಗ್ಯಾರೇಜಿನ ಹಳೇ ಫ್ರಿಜ್‌ನಲ್ಲಿ 2 ಡಿಗ್ರೀಲಿ ಇಡ್ತೀನಿ. ತಣ್ಣಗಾದಷ್ಟೂ ಹಾಪ್ಸ್ ಪುಡಿ, ಯೀಸ್ಟು ಎರಡೂ ತಳಕ್ಕೆ ಇಳಿದು ಪಾಯಸದ ಹಾಗೆ ಗಟ್ಟಿ ಕೂರುತ್ತೆ. ಒಂದು ವಿಷಯ ಗಮನ ಇರಲಿ, ತಣ್ಣಗಾಗ್ತಾ ಒಳಗಿನ ಗ್ಯಾಸು ಕುಗ್ಗಿ ಏರ್‌ಲಾಕ್‌ನಲ್ಲಿರೋ (ಒಳಗಿನ ಗ್ಯಾಸು ಹೊರಗೆ ಬಿಟ್ಟು ಗಾಳಿ ತಡೆಯೋ ಮುಚ್ಚಳ) ನೀರನ್ನೂ ಹೊರಗಿನ ಗಾಳಿಯನ್ನೂ ಒಳಗೆ ಎಳ್ಕೊಳ್ಳುತ್ತೆ, ಅದಕ್ಕೆ ಹುದುಗು ಬರುವಾಗಲೇ ಬರೋ ಗ್ಯಾಸನ್ನ ಒಂದು ಬಲೂನಿಗೆ ತುಂಬಿಸಿ ಇಟ್ಕೊಂಡಿದ್ದು, ಫ್ರಿಜ್‌ಗೆ ಇಡೋವಾಗ ಅದನ್ನೇ ಕಟ್ತೀನಿ. ಫ್ರಿಜ್‌ನಿಂದ ಎತ್ತಿ ಮೇಜಿನ ಮೇಲಿಡೋದೂ ಹಿಂದಿನ ರಾತ್ರೀನೇ ಮುಗಿಸ್ತೀನಿ, ಬೆಳಿಗ್ಗೆ ಎತ್ತಿದ್ರೆ ಅಷ್ಟೂ ಗಸಿ ಮತ್ತೆ ಏಳುತ್ತೆ.

ಜೆಲಾಟಿನ್ ಹಾಕಿದ್ರೆ ಬೇಗ ತಿಳಿಯಾಗುತ್ತೆ ನಿಜ, ಆದ್ರೆ ಅದು ಪ್ರಾಣಿಗಳ ಮೂಳೆ ಚರ್ಮದ್ದು, ನಮ್ಮನೇಲಿ ಸಸ್ಯಾಹಾರಿಗಳು, ಬರೋ ಗೆಳೆಯರಲ್ಲೂ ಅರ್ಧ ಜನ ಹಂಗೇ. ಹಾಕಿ ಹೇಳದೇ ಕೊಡೋಕೆ ಮನಸ್ಸು ಬರಲ್ಲ. ಚಳಿ, ಟೈಮು ಎರಡೇ ಸಾಕು.

ಸೈಫನ್ ಹಾಕೋವಾಗ, ಅಂದ್ರೆ ಕೊಳವೆಯಿಂದ ಬಿಯರ್ ಎಳೆದು ಇಳಿಸೋವಾಗ, ಹೀರೋ ತುದಿಗೆ ಸಣ್ಣ ನೈಲಾನ್ ಚೀಲ ಕಟ್ತೀನಿ, ಸ್ಟಾರ್ ಸ್ಯಾನ್ ಅನ್ನೋ ಸ್ಯಾನಿಟೈಸರ್‌ನಲ್ಲಿ ಅದ್ದಿ. ಹೀರೋ ತುದಿಗೇ, ಬೀಳೋ ತುದಿಗಲ್ಲ, ಯಾಕಂದ್ರೆ ಹೊರಗಿನ ತುದೀಲಿ ಬಟ್ಟೆ ಇದ್ರೆ ಬಿಯರ್ ಚದುರಿ ಮತ್ತೆ ಅದೇ ಗಾಳಿ ಕಥೆ. ಚೀಲ ಬಿಗಿಯಾಗಿ ಸುತ್ತಿದ್ರೆ ಐದೇ ನಿಮಿಷಕ್ಕೆ ಕಟ್ಕೊಂಡು ಹರಿವು ನಿಲ್ಲುತ್ತೆ, ಸಡಿಲವಾಗಿ ಅಂಗೈ ಅಗಲ ಉಬ್ಬಿರೋ ಹಾಗೆ ಬಿಟ್ಟು ಕುತ್ತಿಗೆಗೆ ಮಾತ್ರ ರಬ್ಬರ್ ಬ್ಯಾಂಡ್ ಹಾಕ್ಬೇಕು. ಕೊಳವೆ ತುದಿ ಮಧ್ಯದಲ್ಲಿ ಹಿಡ್ಕೊಂಡು ಬಿಯರ್ ಇಳಿದ ಹಾಗೆ ಇಳಿಸ್ತಾ ಹೋಗೋದು, ಗಸಿಯಿಂದ ಎರಡು ಬೆರಳು ಮೇಲೆ ಇದ್ದಾಗ ನಿಲ್ಲಿಸಿಬಿಡ್ತೀನಿ. ಒಂದು ಲೀಟರ್ ಹೋಗುತ್ತೆ, ಹೋಗ್ಲಿ. ಬಾಟಲಿ ತುಂಬೋ ಕೊಳವೆಯ ತುದೀಲಿ ಸ್ಪ್ರಿಂಗ್ ಇದೆಯಲ್ಲ, ಅಲ್ಲಿ ಎಳ್ಳುಕಾಳಿನಷ್ಟು ಎಲೆ ಚೂರು ಸಿಕ್ಕಿದ್ರೂ ಮುಚ್ಕೊಳ್ಳಲ್ಲ, ನೆಲ ಎಲ್ಲಾ ತೊಟ್ಟಿಕ್ಕುತ್ತೆ, ಆಗ ತುದಿ ಬಿಚ್ಚಿ ತೊಳೆದು ಹಾಕೋದೇ ದಾರಿ.

ಆದ್ರೆ ಇಷ್ಟೆಲ್ಲಾ ಮಾಡಿದಮೇಲೂ ಒಂದು ಬ್ಯಾಚ್ ಉಕ್ಕಿತು. ಬಿಯರ್ ತಿಳಿಯಾಗೇ ಇತ್ತು. ಡೈರಿ ತೆಗೆದು ನೋಡಿದ್ರೆ ಡ್ರೈ ಹಾಪ್ ಮುಂಚೆ ಗ್ರಾವಿಟಿ (ನೀರಿಗೆ ಹೋಲಿಸಿದ್ರೆ ಬಿಯರ್‌ನ ಸಾಂದ್ರತೆ, ಸಕ್ಕರೆ ಕರಗಿ ಹೋದ ಹಾಗೆ ಇಳಿಯುತ್ತೆ) 1.012, ಉಕ್ಕಿದ ಬಾಟಲಿಯ ಗ್ಯಾಸ್ ಪೂರ್ತಿ ತೆಗೆದು ಅಳೆದ್ರೆ 1.009. ಹಾಪ್ಸ್‌ನಲ್ಲಿ ಎಂಜೈಮ್ ಇರುತ್ತೆ, ಯೀಸ್ಟ್ ತಿನ್ನೋಕಾಗದೇ ಬಿಟ್ಟ ಡೆಕ್ಸ್‌ಟ್ರಿನ್ ಅನ್ನೋ ಉದ್ದ ಸಕ್ಕರೆ ಸರಪಳಿಗಳನ್ನ ಅದು ಒಡೆದು ಸಕ್ಕರೆ ಮಾಡಿಕೊಡುತ್ತೆ, ಹಾಪ್ ಕ್ರೀಪ್ ಅಂತಾರೆ. ಒಂದು ಪಾಯಿಂಟ್ (0.001) ಇಳಿದ್ರೆ ಸುಮಾರು ಅರ್ಧ ವಾಲ್ಯೂಮ್ ಗ್ಯಾಸು, ಅಂದ್ರೆ ಬಿಯರ್‌ನ ಅರ್ಧದಷ್ಟು ಗಾತ್ರದ ಗ್ಯಾಸು, ಬಾಟಲೀಲಿ ಗ್ಯಾಸ್ ಬರಲಿ ಅಂತ ನಾನು ಹಾಕಿದ್ದ 110 ಗ್ರಾಂ ಸಕ್ಕರೆ ಮೇಲೆ ಇದೂ ಸೇರಿದ್ರೆ ಬಾಟಲಿ ಸಿಡಿಯೋ ಅಪಾಯ ಇದೆ. ಅದಕ್ಕೇ ಈಗ ಡ್ರೈ ಹಾಪ್ ಆದಮೇಲೆ ಎರಡು ಮೂರು ದಿನದ ಅಂತರದಲ್ಲಿ ಎರಡು ಸಲ ಅಳೆದು ಒಂದೇ ನಂಬರ್ ಬರೋ ತನಕ ಫ್ರಿಜ್‌ಗೆ ಇಡಲ್ಲ.

ಕೊನೇ ಎರಡು ಬಾಟಲಿ ಏನೇ ಮಾಡಿದ್ರೂ ಸ್ವಲ್ಪ ಕದಡಿ ಬರುತ್ತೆ. ಅದರ ಮುಚ್ಚಳಕ್ಕೆ ಮಾರ್ಕರ್‌ನಲ್ಲಿ ಗುರುತು ಹಾಕಿಟ್ಟು ಹದಿನೈದು ದಿನ ಆದಮೇಲೆ ಎಲ್ಲಕ್ಕಿಂತ ಮೊದಲು ಅದನ್ನೇ ತೆಗೀತೀನಿ, ಸಿಂಕ್ ಮೇಲೆ ಹಿಡ್ಕೊಂಡು. ಅದು ಉಕ್ಕದೇ ಇದ್ರೆ ಬಾಕಿದ್ದು ಗೆಳೆಯರಿಗೆ ಕೊಡ್ತೀನಿ.